ತಾಮ್ರದ ಚಂದ್ರ

ಯಂತ್ರ ತಪ್ಪು ಹೇಳುತ್ತಿದೆ ಎಂದೇ ಮೊದಲು ಎಲ್ಲರೂ ಅಂದುಕೊಂಡರು. ಅದು ತಪ್ಪಾಗಿರಲಿ ಎಂದು ಎಲ್ಲರಿಗಿಂತ ಹೆಚ್ಚು ಆಸೆಪಟ್ಟವಳು ಅದನ್ನು ಕಟ್ಟಿದ ನೀಲಾಂಬಿಕಾ ಹೊಸಮನಿಯೇ.

ಧಾರವಾಡದ ಆ ಸಂಶೋಧನಾಲಯದಲ್ಲಿ ಆಕೆ ತನ್ನ ನಡುವಯಸ್ಸನ್ನೆಲ್ಲ ಈ ಯಂತ್ರಕ್ಕೆ ಸುರಿದಿದ್ದಳು. ಅದು ಮಾಡುತ್ತಿದ್ದ ಕೆಲಸವನ್ನು ಹೇಳುವುದು ಕಷ್ಟವೇನಲ್ಲ. ಮನುಷ್ಯ ಉಳಿ ಹಿಡಿದು ತಾಮ್ರದ ತಗಡಿನ ಮೇಲೆ ಗೆರೆ ಕೊರೆಯುವಾಗ ಅವನ ಬೆರಳಷ್ಟೇ ಕೆಲಸ ಮಾಡುವುದಿಲ್ಲ. ಎದೆಯ ಬಡಿತ ತೋಳಿನಿಂದ ಇಳಿದು ಬರುತ್ತದೆ, ಉಸಿರಿಗೆ ತಕ್ಕಂತೆ ಭುಜ ಏರಿಳಿಯುತ್ತದೆ, ಸ್ನಾಯುಗಳು ತಮ್ಮಷ್ಟಕ್ಕೆ ತಾವೇ ಅದುರುತ್ತಿರುತ್ತವೆ. ಇದೆಲ್ಲ ಗೆರೆಯ ಅಂಚಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಅಲೆಗಳಾಗಿ ಉಳಿದುಬಿಡುತ್ತದೆ. ಯಂತ್ರ ಒಂದು ಬೆಳಕಿನ ಕಿರಣವನ್ನು ಆ ಗೀರಿನೊಳಗೆ ಹರಿಯಬಿಟ್ಟು, ಅಲೆಗಳನ್ನು ಒಂದೊಂದಾಗಿ ಬಿಡಿಸಿ, ಗೆರೆ ಕೊರೆದ ದೇಹ ಆ ಹೊತ್ತಿನಲ್ಲಿ ಹೇಗಿತ್ತೆಂದು ಹೇಳುತ್ತಿತ್ತು. ಸತ್ತು ಶತಮಾನಗಳಾದವನ ನಾಡಿಯನ್ನೂ ಅದು ಹಿಡಿಯಬಲ್ಲದಾದ್ದರಿಂದ ಎಲ್ಲರೂ ಅದನ್ನು 'ನಾಡಿ' ಎಂದೇ ಕರೆಯುತ್ತಿದ್ದರು.

ನಾಡಿಯ ಮೊದಲ ದೊಡ್ಡ ಪರೀಕ್ಷೆಗೆ ಬಂದದ್ದು ಯುರೋಪಿನ ಒಂದು ವಸ್ತುಸಂಗ್ರಹಾಲಯ ಕಳಿಸಿದ ಹತ್ತು ತಾಮ್ರದ ತಗಡುಗಳು. ದೂರದರ್ಶಕ ಹೊಸದಾಗಿ ಬಂದ ಕಾಲದಲ್ಲಿ, ಲೀವನ್ ಕಾಸ್ತೆಲ್ ಎಂಬ ಬೆಲ್ಜಿಯಂ ಕಡೆಯ ಫ್ಲೆಮಿಶ್ ಕಲಾವಿದ ಕೊರೆದ ಕಾಲ್ಪನಿಕ ಚಂದ್ರಯಾನ ಅದು. ಮೊದಲ ತಗಡಿನಲ್ಲಿ ಚರ್ಚಿನ ಗೋಪುರದ ತುದಿಗೆ ಕಟ್ಟಿದ ಹಡಗು, ಕೆಳಗೆ ಕೈಬೀಸುವ ಊರಮಂದಿ. ಮುಂದಿನದರಲ್ಲಿ ಕೊಕ್ಕರೆಗಳ ಹಿಂಡು ಕೊಕ್ಕಿನಲ್ಲಿ ಹಗ್ಗ ಕಚ್ಚಿ ಹಡಗನ್ನು ಮೇಲಕ್ಕೆ ಎಳೆಯುತ್ತದೆ. ಮೋಡ ದಾಟಿದ ಮೇಲೆ ನಾವಿಕರು ತೊಗಲಿನ ಚೀಲಗಳಿಂದ ಗಾಳಿ ಕುಡಿಯುತ್ತಾರೆ. ಆಮೇಲೆ ಚಂದ್ರ. ಎದೆಮಟ್ಟ ಬೆಳೆದ ಹುಲ್ಲು, ಎಲೆಗೆ ಬದಲು ಗರಿ ಬಿಟ್ಟ ಮರಗಳು, ಮೈತುಂಬ ಕೂದಲಿರುವ ಜನ. ಹಡಗು ಮರಳಿ ಬರುವ ಚಿತ್ರ ಇಲ್ಲ. ಕೊನೆಯ ತಗಡುಗಳಲ್ಲಿ ಗೆರೆಗಳು ಸಣ್ಣಗೆ ನಡುಗುವುದನ್ನು ಪಂಡಿತರು ಬೆಳದಿಂಗಳಿನ ಮಿನುಗು ಎಂದು ಹೊಗಳುತ್ತ ಬಂದಿದ್ದರು.

ಅದು ಮಿನುಗಲ್ಲ, ರೋಗ ಎಂದು ನಾಡಿ ಹೇಳಿತು. ಕಾಸ್ತೆಲ್‌ನಿಗೆ ಕಂಪವಾತ ಹತ್ತಿತ್ತು. ಈಗಿನ ವೈದ್ಯರು ಪಾರ್ಕಿನ್ಸನ್ ಎನ್ನುವ ಕಾಯಿಲೆ.

ಆದರೆ ಹೇಳಿದರಾಯಿತೇ? ಅಲೆಗಳು ಕೈಯಿಂದ ಬಂದವೋ, ಹಳೆಯ ತಾಮ್ರ ಕಿಲುಬು ಹಿಡಿದು ಹುಟ್ಟಿದವೋ ತಿಳಿಯಬೇಕಿತ್ತು. ಅದಕ್ಕೆ ಆರೋಗ್ಯವಂತ ಕೈಯೊಂದು ಅದೇ ಚಿತ್ರಗಳನ್ನು, ಅದೇ ಬಗೆಯ ಉಳಿಯಿಂದ, ಹೊಸ ತಾಮ್ರದ ಮೇಲೆ ಕೊರೆದುಕೊಡಬೇಕು. ತಾಮ್ರದ ಮೇಲೆ ನೇರವಾಗಿ ಉಳಿ ಓಡಿಸಬಲ್ಲವರು ನಾಡಿನಲ್ಲಿ ಬೆರಳೆಣಿಕೆಯಷ್ಟೂ ಇರಲಿಲ್ಲ. ನೀಲಾಂಬಿಕಾಳ ಮನೆಯಲ್ಲೇ ಒಬ್ಬನಿದ್ದ. ಆಕೆಯ ಗಂಡ ಗುರುಪಾದ, ಚಿತ್ರಕಲಾ ಕಾಲೇಜಿನಲ್ಲಿ, ತಗಡು ಕೊರೆದು ಮಸಿ ಹಚ್ಚಿ ಚಿತ್ರ ತೆಗೆಯುವ ಅಚ್ಚುಕಲೆಯ ಪ್ರಾಧ್ಯಾಪಕ. ಹೆಂಡತಿ ಕೇಳಿದಳೆಂದು ಒಪ್ಪಿಕೊಂಡು, ಎರಡು ವರ್ಷ ಕೂತು ಹತ್ತೂ ತಗಡುಗಳನ್ನು ಕೊರೆದುಕೊಟ್ಟ.

ಆ ಹತ್ತನ್ನು ಓದಿಸಿದ ದಿನ ಮಧ್ಯಾಹ್ನ, ಯಂತ್ರ ನಡೆಸುವ ಭೌತವಿಜ್ಞಾನಿ ಇರ್ಫಾನ್ ಮುಲ್ಲಾ ಒಳಕೋಣೆಯಿಂದ ಕೂಗಿದ.

"ಮೇಡಂ, ಸ್ವಲ್ಪ ಬರ್ರಿ ಇಲ್ಲೆ. ಇದಕ್ಕ ತಲಿ ಕೆಟ್ಟೈತಿ ನೋಡ್ರಿ."

"ಏನಾತು?"

"ಆರೋಗ್ಯದ ಕೈ ಒಂದು ಕಡೆ, ರೋಗದ ಕೈ ಒಂದು ಕಡೆ ಹಾಕು ಅಂತ ಬಿಟ್ಟಿದ್ದೆ. ಸರ್ ಕೊರದಿದ್ದು ಮೊದಲಿನ ತಗಡು ಎಲ್ಲಾ ಬರೋಬ್ಬರಿ ಹಾಕ್ತು. ಕಡೀವು ಮೂರನ್ನ ಕಾಸ್ತೆಲ್ ಗುಂಪಿಗೆ ತಳ್ಳೈತಿ."

"ತಗಡು ಅದಲಬದಲ ಆಗಿರಬೇಕು."

"ನಾನೂ ಹಂಗ ಅಂದಕೊಂಡೆ. ತಿರುವಿ ನೋಡಿದೆ. ಹಿಂದ ಸರ್ ಅವರದ ಮುದ್ರಿ ಐತಿ."

ನೀಲಾಂಬಿಕಾ ಕುರ್ಚಿ ಎಳೆದುಕೊಂಡು ಕೂತಳು. ಪರದೆಯ ಮೇಲೆ ಎರಡು ಅಲೆಸಾಲುಗಳು ಒಂದರ ಕೆಳಗೊಂದು ಹರಿಯುತ್ತಿದ್ದವು. ಮೇಲಿನದು ಕಾಸ್ತೆಲ್‌ನದು, ಕೆಳಗಿನದು ಗುರುಪಾದನದು. ಅದೇ ನಿಧಾನ, ಗೆರೆ ಮುಗಿಯುವ ಮೊದಲೇ ಸೋಲುವ ಒತ್ತಡ, ನಡುವೆ ಹಲ್ಲು ಕಡಿದಂತೆ ಬರುವ ಸಣ್ಣ ನಡುಕ. ಅಣ್ಣತಮ್ಮಂದಿರ ಮುಖದಂತೆ ಹೋಲುತ್ತಿದ್ದವು.

"ಕಿರಣ ಸರಿ ಮಾಡಿ ಇನ್ನೊಮ್ಮೆ ಓಡಸು," ಎಂದಳು.

ಇರ್ಫಾನ್ ಓಡಿಸಿದ. ಮರುದಿನವೂ ಓಡಿಸಿದ. ಯಂತ್ರ ತನ್ನ ಮಾತು ಬದಲಿಸಲಿಲ್ಲ.

ಅಂದಿನಿಂದ ನೀಲಾಂಬಿಕಾಳಿಗೆ ಮನೆಯೇ ಪ್ರಯೋಗಶಾಲೆಯಾಯಿತು. ಗುರುಪಾದ ರೊಟ್ಟಿ ಮುರಿಯುವಾಗ ನೋಡಿದಳು. ಅಂಗಿಯ ಗುಂಡಿ ಹಾಕುವಾಗ, ಚಹಾದ ಬಸಿ ಎತ್ತುವಾಗ, ಬೀಗಕ್ಕೆ ಕೀಲಿ ತೂರಿಸುವಾಗ ನೋಡಿದಳು. ಒಮ್ಮೊಮ್ಮೆ ಏನೂ ಇಲ್ಲ ಅನ್ನಿಸಿ ಎದೆ ಹಗುರಾಗುತ್ತಿತ್ತು. ಮರುಗಳಿಗೆಗೆ ಅವನ ಬಲಗೈ ನಡೆಯುವಾಗ ಎಡಗೈಯಷ್ಟು ಬೀಸುತ್ತಿಲ್ಲ ಅನ್ನಿಸುತ್ತಿತ್ತು. ಮೊದಲಿನಿಂದಲೂ ಹೀಗೇ ಇತ್ತೇ? ಇಷ್ಟು ವರ್ಷ ಕೂಡಿ ಬಾಳಿದ ಗಂಡಸಿನ ಕೈ ಹೇಗೆ ಬೀಸುತ್ತಿತ್ತೆಂದು ನೆನಪಿಸಿಕೊಳ್ಳಲು ಹೋದರೆ ಏನೂ ನೆನಪಾಗುತ್ತಿರಲಿಲ್ಲ.

ನಿರ್ದೇಶಕಿ ವತ್ಸಲಾ ದೇಶಪಾಂಡೆಗೆ ಕಾಯುವಷ್ಟು ಪುರುಸೊತ್ತಿರಲಿಲ್ಲ. ಪ್ರಬಂಧ ಕಳಿಸಬೇಕಿತ್ತು, ಯಂತ್ರವನ್ನು ಕೊಳ್ಳಲು ಒಂದು ಕಂಪನಿ ಆಗಲೇ ಬಾಗಿಲಲ್ಲಿ ನಿಂತಿತ್ತು.

"ನೋಡ್ರಿ ನೀಲಾಂಬಿಕಾ, ಎರಡರಾಗ ಒಂದು ಖರೆ ಇರಬೇಕು," ಎಂದರು ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು. "ಗುರುಪಾದ ಅವರು ಆರಾಮ ಇದ್ದಾರ ಅಂದ್ರ ಯಂತ್ರ ಸುಳ್ಳು. ಯಂತ್ರ ಖರೆ ಅಂದ್ರ... ಅವರನ್ನ ಒಮ್ಮೆ ಡಾಕ್ಟರಿಗೆ ತೋರಸಬೇಕಲಾ?"

"ಆ ಮೂರು ತಗಡು ಬಿಟ್ಟು ಬರದರ?"

"ನೀವ ಹಂಗ ಅಂದ್ರ ಹೆಂಗ್ರಿ? ನಾಳೆ ಯಾರರ ಉಳದ ತಗಡು ಎಲ್ಲದಾವ ಅಂತ ಕೇಳತಾರ."

ನೀಲಾಂಬಿಕಾ ಎದ್ದು ಬಂದಳು. ಗಂಡನಿಗೆ ಕಾಯಿಲೆ ಇಲ್ಲವೆಂದಾದರೆ ಅರ್ಧ ಬಾಳಿನ ದುಡಿಮೆ ಮಣ್ಣುಪಾಲು. ಇದೆಯೆಂದಾದರೆ ಅದೇ ಆಕೆಯ ಗೆಲುವಿಗೆ ಸಾಕ್ಷಿ. ಬಸ್ಸಿನಲ್ಲಿ ಕೂತು ಕಿಟಕಿಯಾಚೆ ನೋಡುತ್ತ, ದೇವರೇ, ಯಂತ್ರ ಹಾಳಾಗಿಹೋಗಲಿ ಎಂದು ಬೇಡಿಕೊಂಡಳು. ಹಾಗೆ ಬೇಡಿಕೊಳ್ಳುವಾಗಲೂ ಅಲೆಸಾಲುಗಳಲ್ಲಿ ತಪ್ಪಿಲ್ಲವೆಂದು ಆಕೆಯೊಳಗಿನ ವಿಜ್ಞಾನಿಗೆ ಚೆನ್ನಾಗಿ ಗೊತ್ತಿತ್ತು.

ಭಾನುವಾರ ಬೆಳಿಗ್ಗೆ ಗುರುಪಾದ ಮನೆಯ ಹಿಂದಿನ ಕೋಣೆಯಲ್ಲಿ ಕೆಲಸಕ್ಕೆ ಕೂತಿದ್ದ. ಅಗಸೆ ಎಣ್ಣೆಯೂ ಅಚ್ಚಿನ ಮಸಿಯೂ ಬೆರೆತ ವಾಸನೆ ಬಾಗಿಲಿಗೇ ಬಡಿಯುತ್ತಿತ್ತು. ನೀಲಾಂಬಿಕಾ ಚಹಾ ತಂದು ಇಟ್ಟು, ಹೋಗದೆ ಅಲ್ಲೇ ನಿಂತಳು.

"ರೀ, ಒಂದು ಮಾತು ಹೇಳೂದೈತಿ."

"ಹೇಳು."

"ನಿಮ್ಮ ಕಡೀ ಮೂರು ತಗಡು..."

"ಹೂಂ. ಅವು ಸರಿ ಬಂದಿಲ್ಲ," ಎಂದ ಗುರುಪಾದ, ತಲೆ ಎತ್ತದೆ. "ಯಂತ್ರ ಏನಂತು? ನನಗೂ ಆ ಕಾಸ್ತೆಲ್ ರೋಗ ಐತಿ ಅಂತೇನು?"

ಆಕೆ ಮೇಜಿನ ಎದುರಿಗೆ ಬಂದು ಕೂತಳು.

"ನಿಮಗ ಗೊತ್ತಿತ್ತು?"

"ಕೈ ನಂದು ನೀಲಾ. ಮೊದಲು ಬರೇ ಗೆರಿ ಸಣ್ಣ ಆಗಾಕ ಹತ್ತಿದ್ವು. ದೊಡ್ಡದು ಎಳೀಬೇಕು ಅಂತೀನಿ, ಅದು ನಡುವ ನಿಂತಬಿಡತೈತಿ. ಬ್ಯಾರೆ ಉಳಿ ಹಿಡದೆ, ತಗಡಿನ ಕೆಳಗ ಬ್ಯಾರೆ ದಿಂಬು ಇಟ್ಟೆ, ಕನ್ನಡಕ ಬದಲಿ ಮಾಡಿದೆ. ಎಲ್ಲಾ ಬದಲಿ ಮಾಡಿದ ಮ್ಯಾಲೆ ಉಳಿದಿದ್ದು ಕೈ ಒಂದ."

"ಮತ್ತ ನನಗ ಯಾಕ ಹೇಳಲಿಲ್ಲ?"

"ನೀ ಯಾಕ ಹೇಳಲಿಲ್ಲ?" ಎಂದು ಈಗ ತಲೆ ಎತ್ತಿದ. "ಇಷ್ಟ ದಿನಾ ಊಟಕ್ಕ ಕುಂತರ ನನ್ನ ಕೈ ನೋಡತೀದಿ. ನನಗ ಕಾಣಂಗಿಲ್ಲಂತ ತಿಳದಿಯೇನು? ಒಂದ ದಿನಾ ನೀ ಮುಖಾ ಎತ್ತಿ ನನ್ನ ನೋಡಿದ್ದರ, ನಾನ ಹೇಳತಿದ್ನಿ."

ಅವನು ಕೂಗಾಡಲಿಲ್ಲ. ಚಹಾ ಎತ್ತಿಕೊಂಡು, ಎರಡೂ ಕೈಯಲ್ಲಿ ಬಸಿ ಹಿಡಿದು ಕುಡಿದ.

ಹುಬ್ಬಳ್ಳಿಯ ನರರೋಗ ತಜ್ಞರು ಬೆರಳು ಕುಟ್ಟಿಸಿ, ನಡೆಸಿ, ಕಾಗದದ ಮೇಲೆ ಸುರುಳಿ ಬರೆಸಿ ನೋಡಿದರು. ಇನ್ನೂ ತೀರ ಮೊದಲ ಹಂತ ಎಂದರು. "ಇಷ್ಟು ಲಗೂ ನಿಮಗ ಹೆಂಗ ಸಂಶಯ ಬಂತು? ಸಾಮಾನ್ಯವಾಗಿ ವರ್ಷಗಟ್ಟಲೆ ಯಾರಿಗೂ ಗೊತ್ತಾಗೂದಿಲ್ಲ," ಎಂದು ಅಚ್ಚರಿಪಟ್ಟರು.

ಪ್ರಬಂಧ ಒಪ್ಪಿಗೆಯಾದ ದಿನ ಸಂಶೋಧನಾಲಯದಲ್ಲಿ ಪೇಢೆ ಹಂಚಿದರು. ವೈದ್ಯರಿಗಿಂತ ವರ್ಷಗಟ್ಟಲೆ ಮೊದಲೇ ರೋಗ ಕಂಡುಹಿಡಿಯುವ ಯಂತ್ರ! ಇರ್ಫಾನ್ ತನ್ನ ಪಾಲಿನ ಪೇಢೆಯನ್ನು ಮುಟ್ಟದೆ ಮೇಜಿನ ಮೇಲೆಯೇ ಬಿಟ್ಟು ಹೋದ. ನೀಲಾಂಬಿಕಾ ಮಾತ್ರ ಎಲ್ಲರೂ ನೋಡುತ್ತಿದ್ದರೆಂದು ತಿನ್ನಲೇಬೇಕಾಯಿತು.

ಮುಂದಿನ ಕೆಲವು ವರ್ಷಗಳಲ್ಲಿ ಕಂಪನಿ ಯಂತ್ರವನ್ನು ಅಂಗೈಯಗಲಕ್ಕೆ ಇಳಿಸಿತು. ತಾಮ್ರವೇ ಬೇಕೆಂದಿಲ್ಲ, ಬಾಲ್‌ಪೆನ್ನು ಕಾಗದದ ಮೇಲೆ ಒತ್ತಿದ ಗುರುತೂ ಸಾಕು ಎಂಬಲ್ಲಿಗೆ ಬಂತು. ಮೊದಲು ಆಸ್ಪತ್ರೆಗಳು ತಂದುಕೊಂಡವು. ಅದರಿಂದ ಒಳಿತೂ ಆಯಿತು, ಇಲ್ಲವೆನ್ನಲಾಗದು; ಬೇಗ ಗೊತ್ತಾದವರಿಗೆ ಬೇಗ ಔಷಧಿ ಸಿಕ್ಕಿತು. ಆಮೇಲೆ ವಿಮಾ ಕಂಪನಿಗಳು, ಬ್ಯಾಂಕುಗಳು, ಕೆಲಸ ಕೊಡುವವರು. ಅರ್ಜಿಯ ಕೆಳಗೆ ಸಹಿ ಮಾಡಿದರೆ ಮುಂದಿನ ಇಪ್ಪತ್ತು ವರ್ಷದ ದೇಹದ ಕಥೆ ಬಿಚ್ಚಿಕೊಳ್ಳುವಾಗ ಯಾರು ತಾನೇ ಸಹಿ ಮಾಡಿಯಾರು? ಓದು ಬಲ್ಲವರು ಹೆಬ್ಬೆಟ್ಟು ಒತ್ತತೊಡಗಿದರು. ಪರೀಕ್ಷೆ ಬರೆದ ಮಕ್ಕಳ ಉತ್ತರಪತ್ರಿಕೆಗಳನ್ನು ಸುಟ್ಟುಹಾಕಿ ಎಂದು ಪಾಲಕರು ಶಾಲೆಯ ಮುಂದೆ ಕೂತರು. ಕನ್ಯೆ ನೋಡಲು ಬಂದವರು ಅಡುಗೆ ಬರುತ್ತದೆಯೇ ಎಂದು ಕೇಳುವುದನ್ನು ಬಿಟ್ಟು, "ಒಂದು ಹಾಳಿ ಏನರ ಬರದು ಕೊಡವಾ" ಎನ್ನತೊಡಗಿದರು.

ಪಕ್ಕದ ಮನೆಯ ಶಂಕ್ರವ್ವನ ಮಗಳ ನಿಶ್ಚಯ ಮುರಿದದ್ದು ಹೀಗೆಯೇ. ಶಂಕ್ರವ್ವ ಬಾಗಿಲಿಗೆ ಬಂದು ನಿಂತಳು. ಬೈಯಲು ಬಂದವಳಲ್ಲ.

"ಅಕ್ಕಾರ, ಈ ಯಂತ್ರ ನೀವ ಮಾಡಿದ್ದಂತಲ್ರೀ? ನನ್ನ ಮಗಳಿಗೆ ನಲವತ್ತಕ್ಕ ಏನೋ ನರದ ರೋಗ ಬರತೈತಿ ಅಂತ ಅದರಾಗ ಬಂದೈತಿ. ಬರದಂಗ ಮಾಡೂ ಯಂತ್ರನೂ ನಿಮ್ಮಲ್ಲಿ ಇರಬೇಕಲ್ರೀ?"

"ಇಲ್ಲವ್ವಾ," ಎಂದಳು ನೀಲಾಂಬಿಕಾ.

"ಇಲ್ಲೇನ್ರೀ?" ಎಂದು ಶಂಕ್ರವ್ವ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದಳು, ಇನ್ನೇನಾದರೂ ಹೇಳುತ್ತಾರೇನೋ ಎಂಬಂತೆ. ಆಮೇಲೆ ಸೆರಗು ಸರಿಮಾಡಿಕೊಂಡು ಹೋದಳು.

ಗುರುಪಾದನ ಕಾಲೇಜೂ ಸಿಬ್ಬಂದಿಯೆಲ್ಲ ಒಂದೊಂದು ಪುಟ ಕೈಬರಹ ಕೊಡಬೇಕೆಂದು ಸುತ್ತೋಲೆ ಹೊರಡಿಸಿತು. ಅವನು ಬರೆಯಲಿಲ್ಲ. ರಾಜೀನಾಮೆಯನ್ನು ಬಾಯಲ್ಲಿ ಹೇಳಿ ಹೆಂಡತಿಯ ಕೈಯಲ್ಲೇ ಟೈಪು ಮಾಡಿಸಿದ, ಕೆಳಗೆ ಹೆಬ್ಬೆಟ್ಟು ಒತ್ತಿದ. ಎಡಗೈ ಹೆಬ್ಬೆರಳಿಗೆ ಹತ್ತಿದ ಶಾಯಿಯನ್ನು ಅಂದು ಬಹಳ ಹೊತ್ತು ತೊಳೆಯುತ್ತ ನಿಂತಿದ್ದ.

ನೀಲಾಂಬಿಕಾ ಈಗ ಸಂಶೋಧನಾಲಯಕ್ಕೆ ಹೋದರೂ ಹೊಸ ಕೆಲಸ ಮುಟ್ಟುತ್ತಿರಲಿಲ್ಲ. ಕಾಸ್ತೆಲ್‌ನ ತಗಡುಗಳನ್ನೇ ಮತ್ತೆ ಮತ್ತೆ ಹರಡಿಕೊಂಡು ಕೂರುತ್ತಿದ್ದಳು. ರೋಗ ಹತ್ತಿದ ಮೇಲೆ ಆ ಮನುಷ್ಯ ಹೇಗೆ ಬದುಕಿದ, ಹೇಗೆ ಕೆಲಸ ಮಾಡಿದ? ಅದರಲ್ಲಿ ತನ್ನ ಗಂಡನಿಗೆ ಬೇಕಾದದ್ದು ಏನಾದರೂ ಸಿಕ್ಕೀತೇ? ಹಾಗೆ ನೋಡುತ್ತ ನೋಡುತ್ತ ಒಂದು ದಿನ ಆಕೆಗೆ ಹೊಳೆಯಿತು. ಮೊದಲ ತಗಡುಗಳ ತುಂಬ ಉದ್ದನೆಯ ಬಾಗುಗೆರೆಗಳಿದ್ದವು: ಹಡಗಿನ ಹೊಟ್ಟೆ, ಹಗ್ಗ, ಗಾಳಿ ತುಂಬಿದ ಹಾಯಿ, ದಿಗಂತ. ಚಂದ್ರನ ಮೇಲೆ ಇಳಿದದ್ದೇ ತಡ, ಉದ್ದನೆಯ ಗೆರೆ ಒಂದೂ ಇಲ್ಲ. ಹುಲ್ಲು, ಗರಿ, ಕೂದಲು. ಎಲ್ಲವೂ ಚಿಕ್ಕ ಚಿಕ್ಕ ಗೀರುಗಳಿಂದ ಆಗುವಂಥವು. ಪಂಡಿತರು ಎಲ್ಲೆಲ್ಲಿಂದಲೋ ಅರ್ಥ ತಂದು ಹಚ್ಚಿದ್ದ ಆ ವಿಚಿತ್ರ ಲೋಕವನ್ನು ಕಾಸ್ತೆಲ್ ತನ್ನ ಸೋಲುವ ಕೈಗೆ ಸಾಧ್ಯವಿದ್ದ ಗೀರುಗಳಿಂದಲೇ ಕಟ್ಟಿಕೊಂಡಿದ್ದ.

ಆಕೆ ಅಂದು ಬೇಗ ಮನೆಗೆ ಬಂದಳು. ಗುರುಪಾದ ಅಂಗಳದ ಬಿಸಿಲಲ್ಲಿ ಕೂತಿದ್ದ. ಏದುಸಿರು ಬಿಡುತ್ತ ಎಲ್ಲವನ್ನೂ ಹೇಳಿದಳು. "ಅಂವಾ ಬಿಡಲಿಲ್ಲರೀ. ಕೈಗೆ ಆಗೂದನ್ನ ಹಿಡಕೊಂಡು ಒಂದು ಹೊಸಾ ಲೋಕಾನ ಮಾಡಿದ. ನೀವೂ..."

"ಅವನ್ನ ಕೊರದಾಂವ ನಾನು," ಎಂದ ಗುರುಪಾದ. "ಆ ಒಂದೊಂದ ಕೂದಲಾನೂ ನನ್ನ ಕೈಯಾಗ ಹಾದು ಹೋಗೈತಿ. ನನಗ ಗೊತ್ತಾಗಿಲ್ಲಂತ ತಿಳದಿಯೇನು?"

"ಗೊತ್ತಿದ್ದರ ಮತ್ತ..."

"ಅವಗ ಚಂದ್ರ ಬೇಕಾಗಿರಲಿಲ್ಲ ನೀಲಾ. ಭೂಮಿ ಕೈಗೆ ಸಿಗವಲ್ದಾತು, ಅದಕ್ಕ ಹೋದ. ಹೋದಾಂವ ತಿರುಗಿ ಬರಲಿಲ್ಲ. ನನಗ ಆ ಚಂದ್ರ ಬ್ಯಾಡ."

ಅವನ ಮಾತು ಅಲ್ಲಿಗೆ ನಿಲ್ಲಲಿಲ್ಲ. ಇಷ್ಟು ದಿನ ಎಲ್ಲಿ ಇಟ್ಟುಕೊಂಡಿದ್ದನೋ, ತಡೆದು ತಡೆದು ಹೊರಬಂತು.

"ನವಲಗುಂದದ ಕಡೆ ಎರಿಹೊಲಾ ನೋಡೀಯಲ್ಲಾ? ಆ ಕರೀ ನೆಲದಾಗ ಬೆಣ್ಣಿಹಳ್ಳ ಬಾಗಿ ಹೊಳ್ಳಿಕೋತ ಹೋಗತೈತಿ. ಅದನ್ನ ಒಂದ ಗೆರ್ಯಾಗ ಕೊರೀಬೇಕು ಅಂತ ನನ್ನ ಆಸೆ ಇತ್ತು. ಈ ತುದೀಲಿಂದ ಆ ತುದಿಗೆ, ಉಳಿ ಎತ್ತಬಾರದು. ತಾಮ್ರಾನೂ ತಂದಿಟ್ಟಿದ್ದೆ. ನೀ ಬಂದು ಕಾಸ್ತೆಲ್ ತಗಡು ಕೊರದುಕೊಡ್ರಿ ಅಂದಿ. ಆತು, ಮೊದಲು ಇದು ಮುಗೀಲಿ ಅಂದೆ. ಕೈ ಛಲೋ ಇದ್ದ ಕಡೀ ಎರಡು ವರ್ಷ, ಯಾವನೋ ಸತ್ತಾವನ ಹುಲ್ಲು ಕೊರಕೋತ ಕುಂತೆ."

ರೋಗವನ್ನು ಯಂತ್ರ ಹುಟ್ಟಿಸಿರಲಿಲ್ಲ, ನಿಜ. ಆದರೆ ಆ ಎರಡು ವರ್ಷ? ಅವನ್ನು ಕೇಳಿ ಪಡೆದವಳು ತಾನೇ. ಅವನು ಕೊಟ್ಟಿದ್ದು ಏನೆಂದು ಆಗ ಇಬ್ಬರಿಗೂ ಗೊತ್ತಿರಲಿಲ್ಲ. ಕ್ಷಮೆಯ ಮಾತು ಇದಕ್ಕೆ ಸಾಲುವಂತೆ ನೀಲಾಂಬಿಕಾಳಿಗೆ ಕಾಣಲಿಲ್ಲ. ಒಳಗೆ ಹೋಗಿ, ಹಿಂದಿನ ಕೋಣೆಯ ಕಪಾಟಿನಿಂದ ಬಟ್ಟೆ ಸುತ್ತಿದ ತಾಮ್ರದ ತಗಡನ್ನು ಎತ್ತಿ ತಂದು ಮೇಜಿನ ಮೇಲಿಟ್ಟಳು. ಮರಳು ತುಂಬಿದ ತೊಗಲಿನ ದಿಂಬನ್ನೂ ಇಟ್ಟಳು.

"ಬರ್ರಿ," ಎಂದು ಬಾಗಿಲಿಗೆ ಬಂದು ಕರೆದಳು.

"ಈಗೇನ ಮಾಡತಿ? ಆಗಂಗಿಲ್ಲ ಅದು."

"ಬಾಗುಗೆರಿ ಕೊರಿಯೂವಾಗ ಉಳಿ ತಿರಗಂಗಿಲ್ಲ, ತಗಡು ತಿರಗತೈತಿ ಅಂತ ನೀವ ಹೇಳತಿದ್ದಿರಿ. ನೀವು ಉಳಿ ದೂಕ್ರಿ. ನಾ ತಗಡು ತಿರುವತೀನಿ."

ಗುರುಪಾದ ಎದ್ದು ಬಂದ.

ಒಂದು ವಾರ ಹಳೆಯ ತಗಡುಗಳ ಹಿಂಬದಿಯಲ್ಲಿ ಅಭ್ಯಾಸ ಮಾಡಿದರು. ನೀಲಾಂಬಿಕಾಳ ತಿರುವು ಒಮ್ಮೆ ಬಿರುಸಾಗುತ್ತಿತ್ತು, ಒಮ್ಮೆ ತಡವಾಗುತ್ತಿತ್ತು. "ಅವಸರ ಮಾಡಬ್ಯಾಡ, ರೊಟ್ಟಿ ತಟ್ಟುವಾಗ ತಿರುವತಿಯಲ್ಲಾ, ಹಂಗ," ಎಂದು ಅವನು ಹೇಳಿಕೊಟ್ಟ. ಔಷಧಿ ತೆಗೆದುಕೊಂಡ ಮೇಲೆ ಬೆಳಗಿನ ಹೊತ್ತು ಸ್ವಲ್ಪ ಕಾಲ ಅವನ ಕೈ ಹಿಡಿತಕ್ಕೆ ಬರುತ್ತಿತ್ತು. ಅಂಥ ಒಂದು ಬೆಳಿಗ್ಗೆ ಹೊಸ ತಗಡನ್ನು ದಿಂಬಿನ ಮೇಲೆ ಇಟ್ಟರು.

ಉಳಿ ತಾಮ್ರವನ್ನು ಕಚ್ಚಿತು. ಅಂಗೈಯ ಒತ್ತಡಕ್ಕೆ ತೆಳ್ಳನೆಯ ಸುರುಳಿ ಎದ್ದು ಬಂತು. ಹಳ್ಳ ತಗಡಿನ ಎಡ ಅಂಚಿನಿಂದ ಹೊರಟು, ಮೊದಲ ತಿರುವು ತಿರುಗಿ, ಎರಡನೆಯದಕ್ಕೆ ಬಾಗಿತು. ನೀಲಾಂಬಿಕಾ ಉಸಿರು ಬಿಗಿಹಿಡಿದು ತಗಡನ್ನು ತಿರುವುತ್ತಿದ್ದಳು. ಗೆರೆ ನಿಲ್ಲಲಿಲ್ಲ. ಅರ್ಧ ದಾಟಿತು. ಗುರುಪಾದನ ತುಟಿ ಅಲುಗುತ್ತಿತ್ತು. ಏನನ್ನೋ ಎಣಿಸುತ್ತಿದ್ದನೋ, ಉಳಿಗೆ ಬುದ್ಧಿ ಹೇಳುತ್ತಿದ್ದನೋ. ಅವನ ಮುಖದಲ್ಲಿ ಎಷ್ಟೋ ಕಾಲದಿಂದ ಕಾಣದ ಒಂದು ನೆಮ್ಮದಿ ಬಂದಿತ್ತು. ಅದನ್ನು ನೋಡಿದ್ದೇ ಆಕೆಯ ಕಣ್ಣು ತುಂಬಿತು. ತಗಡು ಮಸುಕಾಯಿತು, ಕೈ ಜಾರಿತು.

ಉಳಿ ಹಳ್ಳದ ದಂಡೆ ಹಾರಿ, ಬಯಲು ಹಾದು, ಆಕಾಶದ ಉದ್ದಕ್ಕೂ ಒಂದು ಆಳವಾದ ಗೀರು ಎಳೆದು ನಿಂತಿತು.

ಗುರುಪಾದ ಉಳಿಯನ್ನು ಕೆಳಗಿಟ್ಟು, ತಾಮ್ರದ ಪುಡಿಯನ್ನು ಬೆರಳಿನಿಂದ ಒರೆಸಿದ.

"ಇರಲಿ," ಎಂದ. "ಅರ್ಧ ಬಂತಲ್ಲ."

ಇನ್ನೊಂದು ತಗಡು ತರುತ್ತೇನೆ ಎಂದು ಆಕೆ ಎಷ್ಟು ಹೇಳಿದರೂ ಅವನು ಒಪ್ಪಲಿಲ್ಲ. ಅದಕ್ಕೇ ಮಸಿ ಹಚ್ಚಿ, ಅಚ್ಚೊತ್ತುವ ಯಂತ್ರದ ಚಕ್ರವನ್ನು ಇಬ್ಬರೂ ಕೂಡಿ ತಿರುಗಿಸಿ, ಒಂದೇ ಒಂದು ಪ್ರತಿ ತೆಗೆದರು. ಆಮೇಲೆ ಅವನು ಉಳಿ ಮುಟ್ಟಲಿಲ್ಲ. ಚಳಿಗಾಲ ಕಳೆಯುವುದರೊಳಗೆ ಚಮಚ ಹಿಡಿಯುವುದೂ ಕಷ್ಟವಾಯಿತು.

ಇರ್ಫಾನ್ ಒಂದು ಸಂಜೆ ನೋಡಲು ಬಂದ. ಗುರುಪಾದ ಒಳಗೆ ಮಲಗಿದ್ದ. ತಾವಿಬ್ಬರೂ ಕೂಡಿ ಕೊರೆದದ್ದೆಂದು ಆಕೆ ಹೇಳಿದ ಮೇಲೆ, ಗೋಡೆಯ ಮೇಲಿದ್ದ ಅಚ್ಚಿನ ಹತ್ತಿರ ಹೋಗಿ ಇರ್ಫಾನ್ ಕಣ್ಣಿಟ್ಟು ನೋಡಿದ.

"ಇದರ ತಗಡು ಐತೇನ್ರಿ ಮೇಡಂ?" ಎಂದು ಕೇಳಿದ. "ಒಂದ ಗೆರ್ಯಾಗ ಇಬ್ಬರ ಕೈ. ನಾಡಿ ಇಂಥಾದ್ದು ಎಂದೂ ಓದಿಲ್ಲ. ಒಂದ ದಿನದ ಮಟ್ಟಿಗೆ ಕೊಟ್ರ..." ಎನ್ನುತ್ತ ಆಕಾಶದ ಗೀರಿಗೆ ಬೆರಳು ತೋರಿಸಿದ. "ಸರ್ ಕೈ ಇಲ್ಲೆ ಎಷ್ಟು ಸೋತಿತ್ತು ಅನ್ನೂದು ಗೊತ್ತಾಗತೈತಿ."

"ಕೊಡೂದಿಲ್ಲ," ಎಂದಳು ನೀಲಾಂಬಿಕಾ.

ಅವನು ತಿರುಗಿ ನೋಡಿದ.

"ಅವರ ಕೈ ಸೋತಿರಲಿಲ್ಲ ಇರ್ಫಾನ್. ಆ ಗೀರು ನಂದು."